ಅವ್ವನ ಚೊಂಬು, ಗಿರೀಶನ ಧೂಮಕೇತು

ಗಿರೀಶ, ನೀನು ಮೊನ್ನೆ ಗುಂಪಿಗೆ ಹಾಕಿದ ಸಂದೇಶವನ್ನು ಈಗ ಪೂರ್ತಿ ಓದಿದೆ. ಧೂಮಕೇತು ಹತ್ತಿರ ಹಾಯ್ದಾಗಲೆಲ್ಲ ಭೂಮಿ ನಡುಗುತ್ತದೆ, ಮೂರು ರಾತ್ರಿ ಯಾರೂ ಮನೆಯೊಳಗೆ ಮಲಗಬೇಡಿ ಎಂದಿದೆಯಲ್ಲ, ಅದು. ಇಷ್ಟುದ್ದ ಟೈಪ್ ಮಾಡಲು ನನ್ನಿಂದಾಗದು, ಮಾತಿನಲ್ಲೇ ಹೇಳುತ್ತೇನೆ, ಕೊನೆಯವರೆಗೆ ಕೇಳು.

ನೀನು ದಾವಣಗೆರೆಯಲ್ಲಿ ಕುಳಿತು ಬೆರಳಾಡಿಸಿದೆ. ಇಲ್ಲಿ ದುರ್ಗದಲ್ಲಿ ಅವ್ವ ಚಾಪೆ, ಕಂಬಳಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ತಲೆದಿಂಬಿನ ಪಕ್ಕ ಸ್ಟೀಲ್ ತಟ್ಟೆ, ಅದರಲ್ಲಿ ಬೋರಲು ಹಾಕಿದ ಚೊಂಬು, ಚೊಂಬಿನ ತಳದ ಮೇಲೊಂದು ಲೋಟ. ನೆಲ ಅಲುಗಿದರೆ ಲೋಟ ಉರುಳಿ ಎಚ್ಚರವಾಗಲಿ ಎಂದು. 1993ರಲ್ಲಿ ಲಾತೂರಿನ ಭೂಕಂಪವಾದಾಗ ಯಾರೋ ಹೇಳಿಕೊಟ್ಟಿದ್ದಂತೆ. ರಾತ್ರಿ ಎರಡೂವರೆಗೆ ಲೋಟ ಬಿತ್ತು. ಓಣಿಯ ನಾಲ್ಕು ಮನೆಯವರು ಮಕ್ಕಳನ್ನೆತ್ತಿಕೊಂಡು ಬೀದಿಗೆ ಬಂದರು. ನೋಡಿದರೆ ಅವ್ವನೇ ಮಗ್ಗುಲು ಹೊರಳುವಾಗ ಮೊಣಕೈ ತಗುಲಿಸಿದ್ದಳು. ಈಗ ಅವಳಿಗೆ ನೆಗಡಿ, ನನಗೆ ಓಣಿಯವರ ನಗು.

ಜಪಾನಿನ 2011ರ ಭೂಕಂಪಕ್ಕೆ ಎಲೆನಿನ್ ಧೂಮಕೇತು ಕಾರಣ ಎಂದೂ ಅದರಲ್ಲಿದೆ. ಜಪಾನ್ ನಡುಗಿದ್ದು ಮಾರ್ಚ್ 11ರಂದು. ಎಲೆನಿನ್ ನಮಗೆ ಅತಿ ಸಮೀಪ ಬರಬೇಕಿದ್ದದ್ದು ಅಕ್ಟೋಬರ್ 16ಕ್ಕೆ, ಅದೂ ಮೂರೂವರೆ ಕೋಟಿ ಕಿಲೋಮೀಟರ್ ಆಚೆ. ಅಷ್ಟರೊಳಗೆ ಅದು ಸೂರ್ಯನ ಕಾವಿಗೆ ಒಡೆದು ಪುಡಿಯಾಗಿತ್ತು. ಇದ್ದಾಗಲೂ ಅದರ ಗಟ್ಟಿ ಭಾಗ ಮೂರು ನಾಲ್ಕು ಕಿಲೋಮೀಟರ್, ನಮ್ಮ ಊರಿನಷ್ಟು. ಚಂದ್ರನ ಅಡ್ಡಳತೆ 3,474 ಕಿಲೋಮೀಟರ್, ಇರುವುದು ಸುಮಾರು ನಾಲ್ಕು ಲಕ್ಷ ಕಿಲೋಮೀಟರ್ ದೂರದಲ್ಲಿ. ದಿನವೂ ಕಡಲನ್ನು ಎತ್ತಿ ಇಳಿಸುವ ಅವನೇ ನಮ್ಮ ಏಳು ಸುತ್ತಿನ ಕೋಟೆಯ ಒಂದು ಕಲ್ಲನ್ನೂ ಜರುಗಿಸಿಲ್ಲ. ಜಪಾನಿನ ಕಾರಣ ಅದರ ಕಾಲಡಿಯಲ್ಲೇ ಇತ್ತು: ಪೆಸಿಫಿಕ್ ಸಾಗರದ ತಳದ ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು, ವರ್ಷಕ್ಕೆ ಎಂಟೊಂಬತ್ತು ಸೆಂಟಿಮೀಟರಿನಂತೆ ಆ ದೇಶದ ಅಡಿಗೆ ನುಗ್ಗುತ್ತದೆ. ಸಿಕ್ಕಿಹಾಕಿಕೊಂಡದ್ದು ಒಂದು ದಿನ ಕಿತ್ತುಕೊಂಡು ಜಾರಿತು.

ನೀನು ವಾದಕ್ಕೆ ಬರುತ್ತೀಯೆ, ಗೊತ್ತು. ಆ ಅಕ್ಟೋಬರ್ 23ರಂದು ಟರ್ಕಿಯ ವಾನ್‌ನಲ್ಲಿ 7.1ರ ಭೂಕಂಪ ಆಗಿತ್ತಲ್ಲ ಮಾವ, ಎನ್ನುತ್ತೀಯೆ. ಆಗಿತ್ತು. ಆದರೆ 7ನ್ನು ಮುಟ್ಟುವ ಭೂಕಂಪಗಳು ವರ್ಷಕ್ಕೆ ಸರಾಸರಿ ಹದಿನೈದು, ಮೂರು ನಾಲ್ಕು ವಾರಕ್ಕೊಂದು. ನಾಯಕನಹಟ್ಟಿ ತೇರಿನ ದಿನ ಹಿಡಿದುಕೊಂಡು ಆಚೀಚೆ ಹದಿನೈದು ದಿನ ಹುಡುಕು, ಹೆಚ್ಚಿನ ವರ್ಷಗಳಲ್ಲಿ ಜಗತ್ತಿನ ಯಾವುದೋ ಮೂಲೆಯಲ್ಲಿ ಒಂದು ಸಿಕ್ಕೇ ಸಿಗುತ್ತದೆ. ತೇರು ಎಳೆದದ್ದಕ್ಕೇ ಆಯಿತು ಎನ್ನೋಣವೇ?

ಇದನ್ನೆಲ್ಲ ಅವ್ವನಿಗೂ ಹೇಳಿದೆ. "ಗಿರೀಶ ಇಂಜಿನಿಯರ್, ಸುಮ್ಮನೆ ಹಾಕುತ್ತಾನೆಯೇ?" ಎಂದಳು. ಅದಕ್ಕೇ ಸಂಜೆ ಏಳರೊಳಗೆ ನೀನೇ ಫೋನ್ ಮಾಡು. ಚಾಪೆಯನ್ನು ಸುತ್ತಿ ಬಾಗಿಲ ಹಿಂದೆ ಇಟ್ಟುಕೊಂಡಿದ್ದಾಳೆ, ಚೊಂಬನ್ನೂ ತೊಳೆದಾಗಿದೆ.