‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯಲ್ಲಿ ಸಿಡಿಲು ಎಲ್ಲಿದೆ?

ಪ್ರಶ್ನೆ:
ಮೇರಿ ಶೆಲ್ಲಿಯ ಕಾದಂಬರಿ ಓದಿ ಮುಗಿಸಿದೆ. ಸಿನಿಮಾದಲ್ಲಿ ಸಿಡಿಲಿನ ಆರ್ಭಟಕ್ಕೆ ಹೆಣ ಎದ್ದು ಕೂರುತ್ತದೆ. ಇಲ್ಲಿ ನವೆಂಬರ್ ರಾತ್ರಿಯ ಮಳೆ, ಮುಗಿಯುತ್ತ ಬಂದ ಮೇಣದಬತ್ತಿ, ತೆರೆದುಕೊಳ್ಳುವ ಮಂಕು ಹಳದಿ ಕಣ್ಣು, ಅಷ್ಟೇ. ವಿದ್ಯುತ್ತಿನ ಕಥೆ ಎಲ್ಲಿಂದ ಬಂತು?

ಉತ್ತರ (ನಿವೃತ್ತ ಭೌತಶಾಸ್ತ್ರ ಅಧ್ಯಾಪಕ):
ಆ ಕಾಲದ ಗಾಳಿಯಲ್ಲೇ ಇತ್ತು ಸ್ವಾಮಿ. ಇಟಲಿಯ ವಿಜ್ಞಾನಿ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಅದುರಿಸಿ ತೋರಿಸಿದ್ದ. ಅವನ ಸೋದರಳಿಯ ಆಲ್ಡಿನಿ 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಕೈದಿಯ ಶವಕ್ಕೆ ವಿದ್ಯುತ್ ಹರಿಸಿದಾಗ ದವಡೆ ನಡುಗಿ ಒಂದು ಕಣ್ಣು ತೆರೆಯಿತಂತೆ. 1831ರ ಆವೃತ್ತಿಯ ಮುನ್ನುಡಿಯಲ್ಲಿ ಲೇಖಕಿಯೇ ಗಾಲ್ವನಿಸಂ, ಅಂದರೆ ಈ ಬಗೆಯ ವಿದ್ಯುತ್ ಪ್ರಯೋಗಗಳ ಹೆಸರೆತ್ತಿದ್ದಾಳೆ.

ಉತ್ತರ (ಇನ್ನೊಬ್ಬ ಓದುಗಿ):
ಸರ್, ನನಗೆ ಬ್ಯಾಟರಿಗಿಂತ ಬಾಣಂತಿಯೇ ಕಾಣುತ್ತಾಳೆ. 1815ರಲ್ಲಿ ಮೇರಿಯ ಮೊದಲ ಕೂಸು ದಿನ ತುಂಬುವ ಮೊದಲೇ ಹುಟ್ಟಿ ತೀರಿಕೊಂಡಿತು. ಬೆಂಕಿಯ ಮುಂದೆ ಮೈ ಉಜ್ಜಿದಾಗ ಅದು ಬದುಕಿದಂತೆ ಕನಸು ಬಿತ್ತೆಂದು ದಿನಚರಿಯಲ್ಲಿ ಬರೆದಿದ್ದಾಳೆ. ಕಾದಂಬರಿಯಲ್ಲಿ ಆ ಜೀವಿಯನ್ನು ಸೃಷ್ಟಿಸುವ ವಿಕ್ಟರ್ ಫ್ರಾಂಕೆನ್‌ಸ್ಟೈನ್ ಮಾಡುವುದೇನು? ಹುಟ್ಟಿಸಿ, ಹೆಸರನ್ನೂ ಇಡದೆ ಓಡಿಹೋಗುತ್ತಾನೆ. ಅವನನ್ನು ಹುಚ್ಚು ವಿಜ್ಞಾನಿ ಅನ್ನುತ್ತಾರೆ! ಹೊಣೆಗೇಡಿ ಎನ್ನಿ.

ಉತ್ತರ (ಅದೇ ಅಧ್ಯಾಪಕ):
ಒಪ್ಪಿದೆ ತಾಯಿ. ದೇವರು ಸೃಷ್ಟಿಸಿದ ಮೊದಲ ಮನುಷ್ಯ ಆದಾಮನ ಕಥೆ ಹೇಳುವ ಮಿಲ್ಟನ್ನನ ಕಾವ್ಯ ಓದಿದ ಆ ಜೀವಿ, ‘ನಾನು ನಿನ್ನ ಆದಾಮನಾಗಬೇಕಿತ್ತು’ ಎಂದು ವಿಕ್ಟರನನ್ನು ಕೇಳುವುದೂ ಇದನ್ನೇ. ಪ್ರಶ್ನೆ ಕೇಳಿದವರು 1818ರ ಮೊದಲ ಆವೃತ್ತಿಯ ಪಠ್ಯ ಸಿಕ್ಕರೆ ಅದನ್ನೂ ಓದಲಿ. 1831ರದರಲ್ಲಿ ವಿಧಿಯ ಮೇಲೆ ಹೆಚ್ಚು ಭಾರ ಹಾಕಿದ್ದಾಳೆ.