ನಾಲ್ಕು ವರ್ಷ ಶೈತ್ಯೀಕರಿಸಿಟ್ಟ ಭ್ರೂಣದಿಂದ ಗರ್ಭ ನಿಲ್ಲುವ ಸಾಧ್ಯತೆ ಹೇಗಿರುತ್ತದೆ?

ಪ್ರಶ್ನೆ:
ನನಗೀಗ 37 ವರ್ಷ. 33ನೇ ವಯಸ್ಸಿನಲ್ಲಿ ಮಾಡಿಸಿದ, ದೇಹದ ಹೊರಗೆ ಭ್ರೂಣ ರೂಪಿಸುವ ಐವಿಎಫ್‌ನ ಮೊದಲ ವರ್ಗಾವಣೆ (ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವುದು) ಫಲಿಸಲಿಲ್ಲ. ಉಳಿದ ಎರಡು ಐದನೇ ದಿನದ ಭ್ರೂಣಗಳನ್ನು ಆಗಲೇ ಶೈತ್ಯೀಕರಿಸಿ ಇಟ್ಟಿದ್ದಾರೆ. ಇಷ್ಟು ವರ್ಷಗಳಲ್ಲಿ ಅವುಗಳ ಶಕ್ತಿ ಕುಂದಿರಬಹುದೇ? ಎರಡನ್ನೂ ಒಟ್ಟಿಗೇ ಹಾಕಿಸಿಬಿಡು ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ.

ಉತ್ತರ 1:
ಮೇಡಂ, ನಾನು ಭ್ರೂಣ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಭ್ರೂಣದ ಪಾಲಿಗೆ ಕಾಲವೇ ನಿಂತಿರುತ್ತದೆಯಾದ್ದರಿಂದ, ಭ್ರೂಣದ ಮಟ್ಟಿಗೆ ಲೆಕ್ಕಕ್ಕೆ ಬರುವುದು ಅಂಡಾಣು ತೆಗೆದಾಗಿನ ನಿಮ್ಮ 33ನೇ ವಯಸ್ಸೇ ಹೊರತು ಇಂದಿನ 37 ಅಲ್ಲ. ವಿಟ್ರಿಫಿಕೇಶನ್ ಎಂಬ ಅತಿ ವೇಗದ ಶೈತ್ಯೀಕರಣ ವಿಧಾನದಲ್ಲಿ ಹಿಮದ ಹರಳುಗಳು ಮೂಡದ ಕಾರಣ, ಐದನೇ ದಿನದ ಭ್ರೂಣಗಳಲ್ಲಿ ಶೇ. 90ಕ್ಕೂ ಹೆಚ್ಚು ಕರಗಿಸಿದ ಮೇಲೂ ಜೀವಂತವಾಗಿರುತ್ತವೆ. ಆದರೆ ಬದುಕುಳಿಯುವುದು ಬೇರೆ, ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಬೇರೆ. ವರ್ಣತಂತುಗಳಲ್ಲಿ ದೋಷವಿದ್ದರೆ ವರದಿಯಲ್ಲಿ '4ಎಎ' ಎಂಬ ಉತ್ತಮ ದರ್ಜೆ (ಅಂಕೆ ಭ್ರೂಣ ಎಷ್ಟು ಹಿಗ್ಗಿದೆ ಎಂಬುದನ್ನು, ಅಕ್ಷರಗಳು ಅದರ ಒಳ-ಹೊರ ಜೀವಕೋಶಗಳ ಗುಣಮಟ್ಟವನ್ನು ಸೂಚಿಸುತ್ತವೆ; 'ಎ' ಅತ್ಯುತ್ತಮ) ಪಡೆದ ಭ್ರೂಣವೂ ನಿಲ್ಲದೆ ಹೋಗಬಹುದು.

ಉತ್ತರ 2:
ಅತ್ತೆಯವರ ಆತುರ ಅರ್ಥವಾಗುತ್ತದೆ, ಆದರೂ ಒಂದನ್ನೇ ಹಾಕಿಸಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅವಳಿಯಾದರೆ ಅವಧಿಗೆ ಮುನ್ನ ಹೆರಿಗೆಯಾಗುವ ಅಪಾಯ ಬಹಳ ಹೆಚ್ಚುತ್ತದೆ. ನನ್ನದೇ ಅನುಭವ ಹೇಳುವುದಾದರೆ, ಭ್ರೂಣ ಅಂಟಿಕೊಳ್ಳಬೇಕಾದ ಗರ್ಭಕೋಶದ ಒಳಪದರ ಸ್ಕ್ಯಾನಿಂಗ್‌ನಲ್ಲಿ 6 ಮಿಲಿಮೀಟರ್ ಮಾತ್ರ ಇದ್ದುದರಿಂದ ಆ ತಿಂಗಳ ವರ್ಗಾವಣೆಯನ್ನೇ ಮುಂದೂಡಿದರು. ಮರುತಿಂಗಳು 8 ದಾಟಿದ ಮೇಲೆಯೇ ಒಳಪದರವನ್ನು ಗರ್ಭಕ್ಕೆ ಸಜ್ಜುಗೊಳಿಸುವ ಪ್ರೊಜೆಸ್ಟರಾನ್ ಹಾರ್ಮೋನು ಆರಂಭಿಸಿ ಆರನೇ ದಿನ ಭ್ರೂಣ ಹಾಕಿದರು. ಆಮೇಲೆ ಹಾಸಿಗೆ ಹಿಡಿದು ಮಲಗುವುದರಿಂದ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ನನ್ನ ವರದಿಯಲ್ಲಿ ಒಂದು '4ಎಬಿ', ಇನ್ನೊಂದು '3ಬಿಬಿ' ಎಂದಿದೆ. ಮೊದಲನೆಯದನ್ನು ಮಾತ್ರ ಹಾಕಲು ವೈದ್ಯರಲ್ಲಿ ಕೇಳುತ್ತೇನೆ.