ಪ್ರೋಟೀನ್ ಸೇರಿಸಿದ ಮಾವಿನ ಲಸ್ಸಿ ಎರಡೇ ದಿನಕ್ಕೆ ನೀರು ಬಿಡ್ತಿದೆ, ಪೆಕ್ಟಿನ್ ಜಾಸ್ತಿ ಮಾಡಿದ್ರೆ ಸಾಕಾ?

ಹುಳಿಮಾವು

ಎಲ್ಲರಿಗೂ ನಮಸ್ಕಾರ. 200 ಎಂಎಲ್ ಬಾಟಲಿಯಲ್ಲಿ ಮಾವಿನ ಲಸ್ಸಿ. ಬಾಟಲಿಗೆ ಹತ್ತಿರಹತ್ತಿರ 9 ಗ್ರಾಂ ಪ್ರೋಟೀನ್ ಇರಬೇಕು, ಫ್ರಿಜ್‌ನಲ್ಲಿ 20 ದಿನ ತಡೀಬೇಕು.

100 ಕೆಜಿ ಬ್ಯಾಚಿಗೆ: ಡಬಲ್ ಟೋನ್ಡ್ ಹಾಲಿಂದ ನಾವೇ ಹೆಪ್ಪು ಹಾಕಿದ ಮೊಸರು 55 ಕೆಜಿ, ತೋತಾಪುರಿ ತಿರುಳು 12 ಕೆಜಿ, ಸಕ್ಕರೆ 9 ಕೆಜಿ, ಡಬ್ಲ್ಯುಪಿಸಿ 80 (ನೂರಕ್ಕೆ 80 ಪ್ರೋಟೀನ್ ಇರೋ ವ್ಹೇ ಪುಡಿ) 3 ಕೆಜಿ, ಎಚ್‌ಎಂ ಪೆಕ್ಟಿನ್ (ಹಣ್ಣಿಂದ ತೆಗೆದ ಅಂಟುಪುಡಿ, ಮೀಥೈಲ್ ಗುಂಪು ಜಾಸ್ತಿ ಇರೋ ಬಗೆ) 250 ಗ್ರಾಂ, ಮಿಕ್ಕಿದ್ದು ನೀರು. ಮೊಸರು ಒಡೆದು ಪುಡಿಗಳನ್ನೆಲ್ಲ ಅದಕ್ಕೇ ಸುರಿದು ತಿರುಗಿಸ್ತೀವಿ. ಆಮೇಲೆ 100 ಬಾರ್‌ನಲ್ಲಿ ಹೋಮೋಜಿನೈಸ್ (ಒತ್ತಡದಲ್ಲಿ ನುಗ್ಗಿಸಿ ಕಣ ಸಣ್ಣ ಮಾಡೋದು), 85 ಡಿಗ್ರಿ 30 ಸೆಕೆಂಡ್, ತಣಿಸಿ ತುಂಬೋದು. ಕೊನೇ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.4.

ಎರಡನೇ ದಿನಕ್ಕೆ ಬಾಟಲಿ ಕುತ್ತಿಗೆ ಹತ್ರ ಎರಡು ಬೆರಳಷ್ಟು ತಿಳಿ ಹಳದಿ ನೀರು, ತಳದಲ್ಲಿ ಗಷ್ಟು. ಕುಲುಕಿದ್ರೆ ಕೂಡುತ್ತೆ, ಒಂದು ಗಂಟೆಗೆ ಮತ್ತೆ ಬೇರೆ. ಕುಡಿದ್ರೆ ನಾಲಿಗೆ ಮೇಲೆ ಸಣ್ಣ ರವೆ ಉಳಿದ ಹಾಗೆ. ಪೆಕ್ಟಿನ್ 400 ಗ್ರಾಂ ಮಾಡಿದ್ರೂ ನೀರು ಸ್ವಲ್ಪ ಕಮ್ಮಿ ಆಯ್ತೇ ಹೊರತು ರವೆ ಹೋಗ್ಲಿಲ್ಲ. ಇನ್ನೂ ಜಾಸ್ತಿ ಮಾಡಬೇಕಾ?

ಕೆನೆಪದರ

ಪೆಕ್ಟಿನ್ ವಿಷಯಕ್ಕೆ ಆಮೇಲೆ ಬರೋಣ, ಮೊದಲು ನಿಮ್ಮದೇ ಲೆಕ್ಕ ನೋಡಿ. 55 ಕೆಜಿ ಮೊಸರಲ್ಲಿ ಪ್ರೋಟೀನ್ ಸುಮಾರು 1.9 ಕೆಜಿ. ಅದರಲ್ಲಿ ಕೇಸಿನ್ (ಹಾಲು ಹುಳಿಯಾದಾಗ ಗಟ್ಟಿಯಾಗೋ ಪ್ರೋಟೀನ್) 1.5, ವ್ಹೇ ಪ್ರೋಟೀನ್ (ತಿಳಿನೀರಲ್ಲಿ ಉಳಿಯೋದು) 0.4. ಡಬ್ಲ್ಯುಪಿಸಿಯಿಂದ ಇನ್ನೂ 2.3 ಕೆಜಿ, ಅಷ್ಟೂ ವ್ಹೇ. ಹಾಲಲ್ಲಿ ಕೇಸಿನ್ ನೂರಕ್ಕೆ 80 ಪಾಲು, ವ್ಹೇ 20. ನಿಮ್ಮ ಬಾಟಲಿಯಲ್ಲಿ ವ್ಹೇ ಪಾಲೇ 64. ಹೆಸರಿಗೆ ಲಸ್ಸಿ, ಒಳಗಿರೋದು ಮೊಸರು ಬೆರೆಸಿದ ವ್ಹೇ ಪಾನೀಯ.

ರವೆ ಹುಟ್ಟೋದು ಇಲ್ಲಿಂದಲೇ. ವ್ಹೇಯಲ್ಲಿ ಮುಖ್ಯವಾದ ಬೀಟಾ ಲ್ಯಾಕ್ಟೋಗ್ಲೋಬ್ಯುಲಿನ್ 70 ಡಿಗ್ರಿ ದಾಟಿದ ಮೇಲೆ ಬಿಚ್ಚಿಕೊಳ್ಳೋಕೆ ಶುರುವಾಗುತ್ತೆ. ಅದರ ವಿದ್ಯುದಂಶ ಸೊನ್ನೆಯಾಗೋ ಪಿಎಚ್ ಸುಮಾರು 5.2, ಕೇಸಿನ್‌ದು 4.6. 4.4ರಲ್ಲಿ ಎರಡರ ಮೇಲೂ ಇರೋ ವಿದ್ಯುದಂಶ ಅಷ್ಟಕ್ಕಷ್ಟೇ, ಒಂದನ್ನೊಂದು ದೂರ ತಳ್ಳೋ ಬಲ ಸಾಲಲ್ಲ. ಆ ಸ್ಥಿತೀಲಿ 85 ಡಿಗ್ರಿಗೆ ಕಾಯಿಸಿದ್ರೆ ಬಿಚ್ಚಿಕೊಂಡ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಕಾಳುಗಟ್ಟುತ್ತವೆ. ಕಾಳಾದ ಮೇಲೆ ಎಷ್ಟು ಪೆಕ್ಟಿನ್ ಹಾಕಿದ್ರೂ ಅದು ಕರಗಲ್ಲ.

ಪ್ರೋಟೀನ್ ಮೊತ್ತ ಇಷ್ಟೇ ಇಟ್ಕೊಂಡು ಮೂಲ ಬದಲಾಯಿಸಿ. 3 ಕೆಜಿ ಡಬ್ಲ್ಯುಪಿಸಿ ಬದಲು ಕೆನೆರಹಿತ ಹಾಲಿನ ಪುಡಿ 5 ಕೆಜಿ, ಡಬ್ಲ್ಯುಪಿಸಿ 750 ಗ್ರಾಂ. ಕೇಸಿನ್ 2.9, ವ್ಹೇ 1.3, ಅಂದ್ರೆ ಹೆಚ್ಚುಕಮ್ಮಿ 70ಕ್ಕೆ 30. ಎರಡನ್ನೂ ಹೆಪ್ಪು ಹಾಕೋ ಮೊದಲೇ ಹಾಲಿಗೆ ಸೇರಿಸಿ. 45 ಡಿಗ್ರಿ ಹಾಲಲ್ಲಿ ಕಲಸಿ, ನೊರೆ ಏಳದ ಹಾಗೆ ಮೆಲ್ಲಗೆ ತಿರುಗಿಸ್ತಾ ಒಂದು ಗಂಟೆ ನೆನೆಯೋಕೆ ಬಿಡಿ. ಆಮೇಲೆ 90 ಡಿಗ್ರಿ, 5 ನಿಮಿಷ. ಹಾಲಿನ ಪಿಎಚ್ 6.7ರ ಹತ್ತಿರ ಇರುವಾಗ ವ್ಹೇ ಬಿಚ್ಚಿಕೊಂಡ್ರೆ ಅದರಲ್ಲಿ ಬಹುಪಾಲು ಕೇಸಿನ್ ಕಣದ ಮೈಗೆ ಹೋಗಿ ಅಂಟುತ್ತೆ, ತನ್ನಷ್ಟಕ್ಕೆ ಕಾಳುಗಟ್ಟಲ್ಲ. ಕಾಯಿಸೋದು ಹೆಪ್ಪಿಗಿಂತ ಮುಂಚೆಯಾ ಆಮೇಲಾ ಅನ್ನೋದರಲ್ಲೇ ಅರ್ಧ ಕೆಲಸ ಇದೆ.

ಎರಡು ಎಚ್ಚರಿಕೆ. ಹಾಲಿನ ಪುಡಿ ಜಾಸ್ತಿ ಇದ್ರೆ ಹುಳಿ ಏರೋದು ನಿಧಾನ, ನಿಮ್ಮ ಮಾಮೂಲಿ ಟೈಮಿಗೆ ಮೊಸರು 4.5ಕ್ಕೆ ಇಳಿಯಲ್ಲ. ಗಡಿಯಾರ ನೋಡಿ ನಿಲ್ಲಿಸಬೇಡಿ, ಪಿಎಚ್ ನೋಡಿ. ಇನ್ನೊಂದು, ಲೇಬಲ್ ಮೇಲೆ ಜೀವಂತ ಬ್ಯಾಕ್ಟೀರಿಯಾ ಅಂತ ಹಾಕೋ ಯೋಚನೆ ಇದ್ರೆ ಈಗಲೇ ಬಿಡಿ, ಕೊನೇಲಿ 85 ಡಿಗ್ರಿಗೆ ಕಾಯಿಸಿದ ಮೇಲೆ ಹೆಪ್ಪಿನದು ಏನೂ ಉಳಿದಿರಲ್ಲ.

ಬ್ರಿಕ್ಸ್‌ಮೀಟರ್

ಕೆನೆಪದರ ಅವರು ಹೇಳಿದ್ದು ಸರಿ, ಆದ್ರೆ ನೀರು ಬಿಡೋದಕ್ಕೆ ಬೇರೆ ಕಾರಣ ಇದೆ. ಒಣ ಪೆಕ್ಟಿನ್ ಪುಡೀನ ತಣ್ಣನೆ ಮೊಸರಿಗೆ ಸುರಿದ್ರೆ ಅದು ಕರಗೋದೇ ಇಲ್ಲ. ಹೊರಗೆ ಅಂಟು, ಒಳಗೆ ಒಣಪುಡಿ, ಹೀಗೆ ಮೀನುಕಣ್ಣಿನಂಥ ಗಂಟಾಗುತ್ತೆ. ಹೋಮೋಜಿನೈಸರ್ ಹಿಂದಿನ ಜರಡಿ ಬಿಚ್ಚಿ ಬೆರಳಲ್ಲಿ ಸವರಿ ನೋಡಿ, ಲೋಳೆ ಉಂಡೆ ಸಿಕ್ಕಿದ್ರೆ 250 ಗ್ರಾಂನಲ್ಲಿ ಎಷ್ಟು ಕೆಲಸಕ್ಕೆ ಬಂತು ಅಂತ ನೀವೇ ಲೆಕ್ಕ ಹಾಕಬಹುದು.

ಪೆಕ್ಟಿನ್ ಒಂದು ಪಾಲಿಗೆ ಸಕ್ಕರೆ ಆರೇಳು ಪಾಲು ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ. 75ರಿಂದ 80 ಡಿಗ್ರಿ ನೀರಲ್ಲಿ ಜೋರಾಗಿ ಸುಳಿ ಏಳೋ ಹಾಗೆ ತಿರುಗಿಸ್ತಾ ಸುಳಿಯೊಳಗೆ ಸುರೀರಿ, 10 ನಿಮಿಷ ಬಿಡದೆ ತಿರುಗಿಸಿ. ನೂರಕ್ಕೆ ಎರಡೂವರೆ ದ್ರಾವಣ ಆದ್ರೆ ಸುಲಭ. ಬ್ಯಾಚಿನ ಪೂರ್ತಿ ಸಕ್ಕರೇನ ಇದೇ ನೀರಿಗೆ ಹಾಕಬೇಡಿ. 25 ಬ್ರಿಕ್ಸ್ (ನೂರಕ್ಕೆ 25 ಪಾಲು ಸಕ್ಕರೆ) ದಾಟಿದ್ರೆ ನೀರೆಲ್ಲ ಸಕ್ಕರೆ ಹಿಡ್ಕೊಂಡು ಪೆಕ್ಟಿನ್ ಅರಳಲ್ಲ. ಉಳಿದ ಸಕ್ಕರೆ ಮೊಸರಿಗೆ ಹೋಗಲಿ. ಒಂದು ಹನಿ ಗಾಜಿನ ಮೇಲೆ ಎಳೆದು ಬೆಳಕಿಗೆ ಹಿಡಿದ್ರೆ ಚುಕ್ಕೆ ಕಾಣಬಾರದು.

ಮುಂದಿನ ಕ್ರಮ ಮುಖ್ಯ. ಮೊಸರನ್ನ 20ರಿಂದ 25 ಡಿಗ್ರಿಗೆ ತಣಿಸಿ ಒಡೀರಿ. ಪೆಕ್ಟಿನ್ ದ್ರಾವಣಾನೂ ತಣಿಸಿ ಸೇರಿಸಿ, ಆಮೇಲೆ ತಿರುಳು. ಎಲ್ಲಕ್ಕಿಂತ ಕೊನೇಲಿ ಸಿಟ್ರಿಕ್ ಆಮ್ಲದ ತೆಳು ದ್ರಾವಣ ಸಣ್ಣ ಧಾರೆಯಾಗಿ ಬಿಡ್ತಾ ಪಿಎಚ್ 4.0ಕ್ಕೆ ಇಳಿಸಿ. ಎಷ್ಟು ಬೇಕು ಅಂತ ಮೊದಲು 1 ಕೆಜಿಯಲ್ಲಿ ಅಳೆದು ನೋಡ್ಕೊಳ್ಳಿ. ಒಂದೇ ಕಡೆ ದಬದಬ ಸುರಿದ್ರೆ ಬಿದ್ದ ಜಾಗದಲ್ಲೇ ಒಡೆಯುತ್ತೆ.

4.0 ಯಾಕೆ ಅಂದ್ರೆ, ಪೆಕ್ಟಿನ್ ಮೇಲಿರೋದು ಋಣ ವಿದ್ಯುದಂಶ, ಕೇಸಿನ್ ಮೇಲೆ 4.6ರ ಕೆಳಗೆ ಧನ. ಕೆಳಗೆ ಹೋದಷ್ಟೂ ಪೆಕ್ಟಿನ್ ಕೇಸಿನ್ ಕಣಕ್ಕೆ ಗಟ್ಟಿಯಾಗಿ ಅಂಟಿ, ಬಾಲಗಳನ್ನ ಹೊರಗೆ ಚಾಚಿ, ಪಕ್ಕದ ಕಣ ಹತ್ತಿರ ಬರದ ಹಾಗೆ ತಡೆಯುತ್ತೆ. 4.4ರಲ್ಲಿ ಆ ಹಿಡಿತ ಸಡಿಲ. 3.6ಕ್ಕಿಂತ ಕೆಳಗೆ ಹೋದ್ರೆ ಪೆಕ್ಟಿನ್‌ನ ಋಣವೇ ಕರಗುತ್ತೆ, ಬಾಯಿಗೂ ಹುಳಿ ಅತಿ. ಹಾಗಾಗಿ 3.9ರಿಂದ 4.1ರೊಳಗೆ ಇರಿ. ಮೀಟರ್‌ನ ದಿನಾ 4 ಮತ್ತು 7ರ ಬಫರ್‌ನಲ್ಲಿ ಸರಿಮಾಡ್ಕೊಳ್ಳಿ, 0.2 ತಪ್ಪಿದ್ರೂ ಇಲ್ಲಿ ಬ್ಯಾಚೇ ಹೋಗುತ್ತೆ.

ಇಷ್ಟಾದ ಮೇಲೆ 60ರಿಂದ 65 ಡಿಗ್ರಿಗೆ ಕಾಯಿಸಿ, 180ರಿಂದ 200 ಬಾರ್‌ನಲ್ಲಿ ಹೋಮೋಜಿನೈಸ್, ನಂತರ 85ರಿಂದ 90 ಡಿಗ್ರಿ. 100 ಬಾರ್ ಸಾಲಲ್ಲ. ಪೆಕ್ಟಿನ್ ಹೋಮೋಜಿನೈಸ್‌ಗೆ ಮೊದಲೇ ಒಳಗಿರಬೇಕು. ಕಣ ಒಡೆದ ಕ್ಷಣದಲ್ಲೇ ಹೊಸ ಮೈಗೆ ಹೊದಿಕೆ ಬೀಳಬೇಕು, ಇಲ್ಲಾಂದ್ರೆ ಕಣಗಳು ಮತ್ತೆ ಒಂದಾಗುತ್ತವೆ.

ಹುಳಿಮಾವು

ಇಬ್ಬರಿಗೂ ಧನ್ಯವಾದ ಸರ್. ಹೇಳಿದ ಕ್ರಮದಲ್ಲೇ 5 ಕೆಜಿ ಮಾಡಿದ್ವಿ, ಪೆಕ್ಟಿನ್ ನೂರಕ್ಕೆ 0.45, ಪಿಎಚ್ 4.0. ರವೆ ಹೋಯ್ತು, ನಾಲ್ಕು ದಿನ ಆದ್ರೂ ನೀರಿಲ್ಲ. ಡಬ್ಬಿ ತಿರುಳು ಹಾಕಿದ ಬ್ಯಾಚ್ ಚೆನ್ನಾಗಿದೆ. ಆದ್ರೆ ತಾಜಾ ಹಣ್ಣಿಂದ ನಾವೇ ತೆಗೆದ ತಿರುಳಿನ ಬ್ಯಾಚ್ ಮಾತ್ರ ಜೆಲ್ಲಿ ಥರ ಎಳೆಎಳೆಯಾಗಿದೆ, ಸುರಿದ್ರೆ ಲೋಳೆ ತುಂಡು ಬೀಳುತ್ತೆ. ಮಿಕ್ಕಿದ್ದೆಲ್ಲ ಒಂದೇ. ನೀರು ನಮ್ಮ ಬೋರ್‌ವೆಲ್‌ದು. ಇನ್ನೊಂದು, ಬಾದಾಮಿ ಹಾಲಿಗೆ ಹಾಕೋ ಕ್ಯಾರಗೀನನ್ (ಕಡಲಪಾಚಿಯಿಂದ ತೆಗೆದ ಅಂಟು) ಸ್ಟಾಕ್ ಇದೆ, ಪೆಕ್ಟಿನ್ ದುಬಾರಿ ಅಂತ ಅದನ್ನ ಸ್ವಲ್ಪ ಸೇರಿಸಬಹುದಾ?

ತೋಟದಮನೆ

ಎಳೆಎಳೆ ಆಗೋದಕ್ಕೆ ಹಣ್ಣೇ ಕಾರಣ. ಹಸಿ ಮಾವಿನ ತಿರುಳಲ್ಲಿ ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಅನ್ನೋ ಕಿಣ್ವ ಇರುತ್ತೆ. ನೀವು ದುಡ್ಡು ಕೊಟ್ಟು ತಂದ ಎಚ್‌ಎಂ ಪೆಕ್ಟಿನ್‌ನ ಮೀಥೈಲ್ ಗುಂಪುಗಳನ್ನ ಅದು ಕತ್ತರಿಸಿ ಎಲ್‌ಎಂ (ಮೀಥೈಲ್ ಕಮ್ಮಿ ಇರೋ) ಪೆಕ್ಟಿನ್ ಮಾಡಿಬಿಡುತ್ತೆ. ಎಲ್‌ಎಂ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಸಿಕ್ಕಿದ್ರೆ ಸಾಕು, ಜೆಲ್ಲಿ ಕಟ್ಟುತ್ತೆ. ಮೊಸರಲ್ಲಿ ಕ್ಯಾಲ್ಸಿಯಂಗೆ ಬರವೇ? ಹುಳಿಯಾದ ಮೇಲಂತೂ ಕೇಸಿನ್ ಕಣದೊಳಗಿದ್ದದ್ದೆಲ್ಲ ನೀರಿಗೆ ಬಂದಿರುತ್ತೆ. ಡಬ್ಬಿ ತಿರುಳು ಮೊದಲೇ ಬೆಂದಿರೋದರಿಂದ ಅದರಲ್ಲಿ ಈ ಕಾಟ ಇಲ್ಲ.

ತಿರುಳು ತೆಗೆದ ಕೂಡಲೇ 90 ಡಿಗ್ರಿಗೆ ಕಾಯಿಸಿ, 2 ನಿಮಿಷ ಹಿಡಿದು, ತಣಿಸಿ ಬಳಸಿ. ಅಂಚಲ್ಲಿ ಕುದಿದು ನಡುವೆ ಬೆಚ್ಚಗಿದ್ರೆ ಪ್ರಯೋಜನ ಇಲ್ಲ, ಥರ್ಮಾಮೀಟರ್ ನಡುವಿಗೆ ಇಳಿಸಿ ನೋಡಿ. ಬೆರೆಸಿದ ಮೇಲೆ ಟ್ಯಾಂಕಲ್ಲಿ ಗಂಟೆಗಟ್ಟಲೆ ಕಾಯಿಸದೆ ಇಡೋ ಅಭ್ಯಾಸ ಇದ್ರೆ ಅದನ್ನೂ ಬಿಡಿ. ತೋತಾಪುರಿ ನಾರನ್ನ ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸಿ. ನಾರು ತಳಕ್ಕೆ ಕೂತದ್ದನ್ನ ಪ್ರೋಟೀನ್ ಒಡೆದಿದೆ ಅಂತ ತಿಳಿದು ಪೆಕ್ಟಿನ್ ಏರಿಸೋರು ಬೇಕಾದಷ್ಟು ಜನ ಇದ್ದಾರೆ.

ಬೋರ್‌ವೆಲ್ ನೀರು ಬೇಡ. ಕೋಲಾರ, ಶ್ರೀನಿವಾಸಪುರ ಕಡೆ ಗಡಸು ನೀರಾದ್ರೆ ಪೆಕ್ಟಿನ್ ಅರಳೋದು ಕಷ್ಟ, ಮೇಲೆ ಕ್ಯಾಲ್ಸಿಯಂ ನೀವಾಗಿಯೇ ಬಡಿಸಿದ ಹಾಗೆ. ಪೆಕ್ಟಿನ್ ಕರಗಿಸೋಕಾದ್ರೂ ಆರ್‌ಒ ನೀರು ಇರಲಿ.

ಬ್ರಿಕ್ಸ್‌ಮೀಟರ್

ಕ್ಯಾರಗೀನನ್ ಬೇಡವೇ ಬೇಡ. ಬಾದಾಮಿ ಹಾಲಿನ ಪಿಎಚ್ 6.7ರ ಆಸುಪಾಸು, ಅಲ್ಲಿ ಕಪ್ಪಾ ಕ್ಯಾರಗೀನನ್ ನೂರಕ್ಕೆ 0.02, 0.03 ಇದ್ರೆ ಸಾಕು, ಕೇಸಿನ್ ಜೊತೆ ಸೇರಿ ಕಣ್ಣಿಗೆ ಕಾಣದ ಬಲೆ ನೇಯ್ದು ಬಾದಾಮಿ ಚೂರನ್ನ ತೇಲಿಸುತ್ತೆ. ಪಿಎಚ್ 4ರಲ್ಲಿ ಪ್ರೋಟೀನ್ ಎಲ್ಲ ಧನ. ಕ್ಯಾರಗೀನನ್‌ನ ಸಲ್ಫೇಟ್ ಗುಂಪು ಅದನ್ನ ಬಿಗಿಯಾಗಿ ಹಿಡಿದು ತಳಕ್ಕೆ ಎಳೆಯುತ್ತೆ. ಹುಳಿಯಲ್ಲಿ ಕಾಯಿಸಿದ್ರೆ ಅದರ ಸರಪಳಿಯೂ ತುಂಡಾಗುತ್ತೆ.

ದುಡ್ಡು ಉಳಿಸೋದಾದ್ರೆ ಸಿಎಂಸಿ (ಸೆಲ್ಯುಲೋಸ್‌ನಿಂದ ಮಾಡಿದ ಅಂಟು) ಪರವಾಗಿಲ್ಲ, ಅದೂ ಋಣ, ಈ ಪಿಎಚ್‌ನಲ್ಲಿ ಕೇಸಿನ್‌ಗೆ ಅಂಟುತ್ತೆ. ಗಂಟಲಲ್ಲಿ ಲೋಳೆ ಅನಿಸುತ್ತೆ, ಅದು ನನಗೆ ಹಿಡಿಸಲ್ಲ. ಅರ್ಧ ಪೆಕ್ಟಿನ್ ಅರ್ಧ ಸಿಎಂಸಿ ಮಾಡಿ ನೋಡಬಹುದು. ಲೇಬಲ್‌ನಲ್ಲಿ ಸಂಯೋಜಕ ಸಂಖ್ಯೆ ಪೆಕ್ಟಿನ್‌ಗೆ 440, ಸಿಎಂಸಿಗೆ 466, ಎರಡನ್ನೂ ನಮೂದಿಸಬೇಕು.

0.45 ಸರಿಬಂತು ಅಂತ ಅಲ್ಲಿಗೇ ನಿಲ್ಲಿಸಬೇಡಿ. 0.30, 0.35, 0.40, 0.45, 0.50 ಐದು ಬಾಟಲಿ ಮಾಡಿ. 40 ಗ್ರಾಂ ತೂಗಿ ಸೆಂಟ್ರಿಫ್ಯೂಜಲ್ಲಿ 3000 ಆರ್‌ಪಿಎಂ, 20 ನಿಮಿಷ, ಸುರಿದು, ಟ್ಯೂಬ್ ಬೋರಲು ಹಾಕಿ 10 ನಿಮಿಷ ಬಿಟ್ಟು ತಳದ ಗಷ್ಟು ತೂಗಿ. ತಿರುಳಿನ ನಾರು ಲೆಕ್ಕ ಕೆಡಿಸದ ಹಾಗೆ ಇದನ್ನ ತಿರುಳಿಲ್ಲದೆ ಮಾಡಿ. ಜೊತೆಗೆ ಒಂದೇ ಪಿಪೆಟ್‌ನಿಂದ 10 ಡಿಗ್ರಿಯಲ್ಲಿ ಇಳಿಯೋಕೆ ಎಷ್ಟು ಸೆಕೆಂಡ್ ಅಂತ ಬರೆದಿಡಿ. ಪೆಕ್ಟಿನ್ ಕಮ್ಮಿ ಇದ್ದಾಗ ಒಂದು ಎಳೆ ಎರಡು ಕಣ ಹಿಡ್ಕೊಂಡು ಗೊಂಚಲಾಗುತ್ತೆ, ಆಗ ಲಸ್ಸಿ ದಪ್ಪ. ಸರಿಯಾದಾಗ ತೆಳು ಆಗುತ್ತೆ, ಗಷ್ಟೂ ಇಳಿಯುತ್ತೆ. ಅದಕ್ಕಿಂತ ಮೇಲೆ ಹೋದ್ರೆ ಮಿಕ್ಕ ಪೆಕ್ಟಿನ್ ನೀರಲ್ಲೇ ಉಳಿದು ಮತ್ತೆ ದಪ್ಪ. ಸೆಕೆಂಡ್ ಅತಿ ಕಮ್ಮಿ ಬಂದ ಜಾಗಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಿ. ತೆಳು ಆಯ್ತು ಅಂತ ಗಾಬರಿಯಾಗಿ ಪೆಕ್ಟಿನ್ ಸುರಿಯೋದೇ ಎಲ್ಲರೂ ಮಾಡೋ ತಪ್ಪು.

ಹುಳಿಮಾವು

ಸೆಂಟ್ರಿಫ್ಯೂಜ್ ಇಲ್ಲ ಸರ್, ಫ್ಯಾಟ್ ನೋಡೋ ಗರ್ಬರ್ ಮೆಷಿನ್ ಇದೆ.

ಕೆನೆಪದರ

ನಡೆಯುತ್ತೆ. ಅದರ ಗೂಡಲ್ಲಿ ಕೂರೋ ಅಳತೆಯ ಟ್ಯೂಬ್ ಹುಡುಕಿ, ಎದುರುಬದುರು ತೂಕ ಸಮ ಮಾಡಿ ಕೂರಿಸಿ, ವೇಗ ಅದರದ್ದೇ ಇರಲಿ, ಐದೂ ಬಾಟಲಿಗೆ ಅಷ್ಟೇ ನಿಮಿಷ. ಹೀಟರ್ ಇರೋ ಮಾಡೆಲ್ ಆದ್ರೆ ಆಫ್ ಮಾಡಿ, 65 ಡಿಗ್ರಿಯಲ್ಲಿ ಬಂದ ಗಷ್ಟನ್ನ ಫ್ರಿಜ್‌ನಲ್ಲಿಟ್ಟ ಬಾಟಲಿ ಜೊತೆ ಹೋಲಿಸೋಕಾಗಲ್ಲ.